ಐದು ತಿಂಗಳ ಮಗಳನ್ನು ಬಿಟ್ಟು ಹೊರಟಾಗ ಜೊತೆಗಿದ್ದ ಕೈಪಂಪು, ಕೂಲರ್ ಚೀಲ

ಗೆಳತಿಯ ಮದುವೆ ಶಿವಮೊಗ್ಗದಲ್ಲಿ. ಮಗಳನ್ನು ಬೆಂಗಳೂರಿನಲ್ಲಿ ಅಮ್ಮನ ಹತ್ತಿರ ಬಿಟ್ಟು, ಹೆರಿಗೆಯಾದ ಮೇಲೆ ಮೊದಲ ಸಲ ಒಬ್ಬಳೇ ರೈಲು ಹತ್ತಿದೆ. ಬ್ಯಾಗಿನಲ್ಲಿ ರೇಷ್ಮೆ ಸೀರೆಗಿಂತ ಜಾಸ್ತಿ ಜಾಗ ಹಿಡಿದಿದ್ದು ಎದೆಹಾಲು ತೆಗೆಯುವ ಕೈಪಂಪು ಮತ್ತು ಐಸ್ ಪ್ಯಾಕ್ ತುಂಬಿದ ಕೂಲರ್ ಚೀಲ.

ಪಂಪಿಗೆ ಕರೆಂಟ್ ಬೇಡ, ಸದ್ದೂ ಇಲ್ಲ. ಅರಸೀಕೆರೆ ಬರುವಷ್ಟರಲ್ಲಿ ಎದೆ ಕಲ್ಲಾಗಿತ್ತು. ದುಪಟ್ಟಾ ಹೊದ್ದು ಕಿಟಕಿಗೆ ತಿರುಗಿದೆ. ಪಕ್ಕದ ಅಜ್ಜಿ ಕೇಳದೆಯೇ ಅಡ್ಡ ಕೂತರು. 20 ನಿಮಿಷಕ್ಕೆ 90 ಮಿಲಿ! ನೋವು ಇಳಿದಾಗ ಕಣ್ಣು ತುಂಬಿ ಬಂತು. ಮನೆಯಲ್ಲಿ ಅವಳೂ ಅದೇ ಹೊತ್ತಿಗೆ ಹಸಿದಿರುತ್ತಾಳೆ, ಅಲ್ವಾ?

ಪಂಪಿನ ಹಿಡಿ ಗಟ್ಟಿ, ಮಣಿಕಟ್ಟು ನೋಯುತ್ತದೆ. ಸಿಲಿಕೋನ್ ವಾಲ್ವ್ ತೀರಾ ಚಿಕ್ಕದು. ಛತ್ರದಲ್ಲಿ ತೊಳೆಯುವಾಗ ಸಿಂಕಿನಲ್ಲಿ ಜಾರಿಹೋಯಿತು. ಅದಿಲ್ಲದೆ ಪಂಪು ಹಾಲು ಎಳೆಯದು. ಡಬ್ಬದಲ್ಲಿ ಇನ್ನೊಂದು ಇಡಲೇಬೇಕಿತ್ತು. ಧಾರೆಗೆ ಮುಂಚೆ ಕೈಯಲ್ಲೇ ಹಿಂಡಿಕೊಂಡೆ.

ಚೀಲ ಮಾತ್ರ ಅಪ್ಪಟ ಚಿನ್ನ. ಹೊರಗಿಟ್ಟ ಹಾಲು ನಾಲ್ಕು ಗಂಟೆ, ಐಸ್ ಜೊತೆ 24 ಗಂಟೆ ಎಂದು ಡಾಕ್ಟರ್ ಹೇಳಿದ್ದರು. ಅಡುಗೆ ಭಟ್ಟರು ರಾತ್ರಿ ಹಾಲನ್ನು ಫ್ರಿಜ್‌ನಲ್ಲಿ, ಪ್ಯಾಕ್‌ಗಳನ್ನು ಫ್ರೀಜರ್‌ನಲ್ಲಿ ಇಟ್ಟುಕೊಟ್ಟರು. ಮರುದಿನ ಮನೆ ತಲುಪಿದಾಗಲೂ ಬಾಟಲಿ ತಣ್ಣಗಿತ್ತು. ಮಗಳಿಗೆ ಬಾಟಲಿ ಬೇಕಿರಲಿಲ್ಲ. ಸೀರೆಯ ಸೆರಗನ್ನೇ ಎಳೆದಳು.