ಎಂಎಸ್ ಇರುವವರಿಗೆ ಯುಡಿಐಡಿ ಕಾರ್ಡ್: ಖಂಡಿತ ಮಾಡಿಸಿ, ಆದರೆ ಔಷಧಿ ಖರ್ಚಿಗೆ ಬೇರೆ ದಾರಿ ನೋಡಿಕೊಳ್ಳಿ

ನನ್ನ ತಂಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಅನ್ನುವ ನರಗಳ ಕಾಯಿಲೆ ಇದೆ. ಅವಳಿಗೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಲು ಓಡಾಡಿದ್ದು, ಆಮೇಲೆ ಆಯುಷ್ಮಾನ್ ಕಾರ್ಡ್ ಹಿಡಿದು ಚಿಕಿತ್ಸೆಗೆ ಅಲೆದದ್ದು ಎರಡೂ ನಾನೇ. ಈ ಕಾಯಿಲೆಯವರಿಗೆ ಇವು ಎಷ್ಟು ಉಪಯೋಗ ಅಂತ ಕೇಳುವವರು ತುಂಬಾ ಜನ, ಅದಕ್ಕೇ ಬರೆಯುತ್ತಿದ್ದೇನೆ.

ಎಂಎಸ್‌ಗೆಲ್ಲ ಅಂಗವಿಕಲರ ಸರ್ಟಿಫಿಕೇಟ್ ಕೊಡಲ್ಲ ಅಂತ ಹೇಳುವವರು ಇನ್ನೂ ಇದ್ದಾರೆ. ನಂಬಬೇಡಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳೇ ಬಗೆಯ ವೈಕಲ್ಯ ಇದ್ದವು. 2016ರ ಕಾಯ್ದೆಯಲ್ಲಿ 21 ಇವೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್, ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಎಲ್ಲದರ ಹೆಸರೂ ಅದರಲ್ಲಿದೆ. ಲೂಪಸ್, ರುಮಟಾಯ್ಡ್ ಆರ್ಥ್ರೈಟಿಸ್ ಇರುವವರ ಪಾಡು ಬೇರೆ. ಅವರ ಕಾಯಿಲೆಯ ಹೆಸರೇ ಪಟ್ಟಿಯಲ್ಲಿಲ್ಲ. ಕೀಲು ಹಾಳಾಗಿ ಕೈಕಾಲು ಆಡದಂತಾದರೆ ಅದನ್ನು ಅಳೆಯುತ್ತಾರೆ, ಆದರೆ ದಿನವಿಡೀ ಏಳಲಾಗದಷ್ಟು ನೋವು, ಸುಸ್ತು ಅಂದರೆ ಬರೆದುಕೊಳ್ಳಲು ಜಾಗವೇ ಇಲ್ಲ. ಇದು ಅನ್ಯಾಯ ಅಂತಲೇ ನನಗೆ ಅನಿಸುವುದು.

ಅರ್ಜಿ ಹಾಕುವುದು ಕಷ್ಟವಲ್ಲ. ಸರ್ಕಾರದ ಸ್ವಾವಲಂಬನ್ ವೆಬ್‌ಸೈಟ್‌ನಲ್ಲಿ ಆಧಾರ್, ಫೋಟೊ, ವೈದ್ಯಕೀಯ ದಾಖಲೆ ಹಾಕಿದರೆ ಆಯಿತು. ಮೊಬೈಲ್‌ನಲ್ಲಿ ಆಗದಿದ್ದರೆ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಅಂಗವಿಕಲರ ಕೆಲಸ ನೋಡಿಕೊಳ್ಳುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕೇಳಿ, ನಮ್ಮೂರಿನವರು ಅರ್ಧ ದಿನ ಕೂತು ಎಲ್ಲ ತುಂಬಿಕೊಟ್ಟರು. ಒಂದು ಕಡೆ ಮಾತ್ರ ಹುಷಾರಾಗಿರಿ. ಆಸ್ಪತ್ರೆ ಆರಿಸುವಾಗ ಸ್ವಂತ ಜಿಲ್ಲೆಯದೇ ಆಗಬೇಕು ಅಂತಿಲ್ಲ. ಚಿಕಿತ್ಸೆ ಪಡೆಯುತ್ತಿರುವ ಅಥವಾ ಹಿಂದೆ ಪಡೆದ ಸರ್ಕಾರಿ ಆಸ್ಪತ್ರೆಯಲ್ಲೂ ಕೇಳಬಹುದು ಅಂತ ನಿಯಮದಲ್ಲೇ ಇದೆ. ನರರೋಗ ತಜ್ಞರು ಇರುವ ಕಡೆ ಹಾಕಿ. ನಾವು ಮೊದಲು ಹೋದ ಆಸ್ಪತ್ರೆಯಲ್ಲಿ ಆ ತಜ್ಞರೇ ಇರಲಿಲ್ಲ. ಇವಳನ್ನು ಬಾಗಿಲಿನಿಂದ ಮೇಜಿನವರೆಗೆ ನಡೆಸಿ ನೋಡಿದರು, ನಡೀತಾಳಲ್ಲ ಅಂದರು, ಅಷ್ಟೇ.

ಎಂಎಸ್ ಹಾಗೆ ಕಾಣಿಸಿಕೊಳ್ಳುವ ಕಾಯಿಲೆ ಅಲ್ಲ. ಬೆಳಗ್ಗೆ ಹತ್ತಕ್ಕೆ ನಡೆದು ತೋರಿಸಿದವಳು ಸಂಜೆ ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತಾಳೆ. ಬಿಸಿಲು ಜಾಸ್ತಿಯಾದರೆ ಕಣ್ಣು ಮಂಜಾಗುತ್ತೆ, ಕಾಲು ಸೋಲುತ್ತೆ. ಬಸ್ಸಿನಲ್ಲಿ ಮೂತ್ರ ತಡೆಯಲು ಆಗಲ್ಲ ಅಂತ ಊರು ಬಿಟ್ಟು ಹೋಗುವುದನ್ನೇ ನಿಲ್ಲಿಸಿದ್ದಾಳೆ. ಇದರಲ್ಲಿ ಒಂದೂ ಆ ಮೇಜಿನ ಮುಂದೆ ಕಾಣಲಿಲ್ಲ. ಬೆಂಗಳೂರಿನ ದೊಡ್ಡ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಚಿತ್ರ ಬದಲಾಯಿತು. ಅಲ್ಲಿನ ಡಾಕ್ಟರ್ ಮೇಡಂ ಎಂಆರ್‌ಐ ನೋಡಿದರು, ಹಳೆಯ ಡಿಸ್ಚಾರ್ಜ್ ಸಮ್ಮರಿಗಳನ್ನೆಲ್ಲ ಓದಿದರು, ಸ್ನಾನ ಮಾಡಲು ಎಷ್ಟು ಹೊತ್ತು ಬೇಕಮ್ಮ ಅಂತ ಕೇಳಿದರು. ಆ ಪ್ರಶ್ನೆಗೆ ಇವಳ ಕಣ್ಣಲ್ಲಿ ನೀರು ಬಂತು. ಹಾಗಾಗಿ ಹೋಗುವಾಗ ಪ್ರತಿ ಅಟ್ಯಾಕ್‌ನ (ಕಾಯಿಲೆ ಇದ್ದಕ್ಕಿದ್ದಂತೆ ಜೋರಾದದ್ದರ) ದಾಖಲೆ ತಗೊಂಡು ಹೋಗಿ, ಯಾವ ಕೆಲಸಕ್ಕೆ ಯಾರ ಸಹಾಯ ಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಆ ಹೊತ್ತಿಗೆ ಬಾಯಲ್ಲಿ ಹೇಳಲು ಬರಲ್ಲ.

ಕಾರ್ಡ್ ಮೂರು ಬಣ್ಣದ್ದು. ವೈಕಲ್ಯ ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಹೆಚ್ಚಿನ ಸೌಲಭ್ಯ ಶುರುವಾಗುವುದೇ 40ರಿಂದ. ನಮಗೆ ಹಳದಿ ಸಿಕ್ಕಿತು. ಇದರಿಂದ ಮಾಸಾಶನಕ್ಕೆ ಅರ್ಜಿ ಹಾಕಬಹುದು, ಆದರೆ ಅದಕ್ಕೆ ಕುಟುಂಬದ ಆದಾಯದ ಮಿತಿ ಇದೆ. ಮನೆಯಲ್ಲಿ ಒಬ್ಬರು ಸಂಬಳದವರಿದ್ದರೂ ಸಿಗುವುದು ಕಷ್ಟ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರು ಅವಲಂಬಿತರ ಲೆಕ್ಕದಲ್ಲಿ 75,000 ರೂಪಾಯಿ ಕಳೆದು ತೋರಿಸಬಹುದು, ವೈಕಲ್ಯ ಶೇ 80 ಅಥವಾ ಅದಕ್ಕಿಂತ ಮೇಲಿದ್ದರೆ 1,25,000. ನನಗೆ ನಿಜವಾಗಿ ಉಳಿತಾಯ ಆಗಿದ್ದು ಇದರಲ್ಲೇ. ಬಸ್ ಪಾಸ್ ಇವಳಿಗೆ ಬೇಕಾಗಲಿಲ್ಲ, 2023ರ ಜೂನ್‌ನಿಂದ ಹೆಂಗಸರಿಗೆ ಫ್ರೀ ಬಸ್ಸಿನ ಶಕ್ತಿ ಯೋಜನೆ ಇದೆಯಲ್ವಾ. ಗಂಡಸರಿಗೆ ಪಾಸ್ ಉಪಯೋಗಕ್ಕೆ ಬರುತ್ತೆ. ಕಾರ್ಡಿಗೆ ಐದಕ್ಕೆ ಮೂರೂವರೆ ಕೊಡುತ್ತೇನೆ.

ಚಿಕಿತ್ಸೆಯ ವಿಷಯಕ್ಕೆ ಐದಕ್ಕೆ ಎರಡೇ. ಯುಡಿಐಡಿ ಕಾರ್ಡ್ ಬಂದರೆ ಔಷಧಿ ಫ್ರೀ ಅಂತ ನಮ್ಮ ನೆಂಟರೆಲ್ಲ ಅಂದುಕೊಂಡಿದ್ದರು. ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಚಿಕಿತ್ಸೆಗೆ ಇರುವುದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುತ್ತಾರೆ. ನಮ್ಮಂಥ ಎಪಿಎಲ್‌ನವರಿಗೆ ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ, ತುರ್ತು ಅಲ್ಲದಿದ್ದರೆ, ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ತರಬೇಕು. ಇಡೀ ಯೋಜನೆ ದಾಖಲಾಗಿ ಚಿಕಿತ್ಸೆ ಪಡೆಯುವವರಿಗೆ ಅಂತ ಮಾಡಿದ್ದು. ಎಂಎಸ್‌ನಲ್ಲಿ ದುಡ್ಡು ಹೋಗುವುದು ದಾಖಲಾದಾಗ ಅಲ್ಲ. ಅಟ್ಯಾಕ್ ಮತ್ತೆ ಬರದಿರಲಿ ಅಂತ ವರ್ಷಗಟ್ಟಲೆ ನುಂಗುವ ಮಾತ್ರೆ, ಆಗಾಗ ಮಾಡಿಸುವ ಎಂಆರ್‌ಐ, ವಾರವಾರದ ಫಿಸಿಯೋಥೆರಪಿ, ತಜ್ಞರ ಹತ್ತಿರ ಹೋಗಿಬರುವ ಖರ್ಚು, ಇವೆಲ್ಲ ನಮ್ಮ ಜೇಬಿನಿಂದಲೇ. ಕಾಲು ಬಿದ್ದುಹೋದ ಮೇಲೆ ದಾಖಲಾದರೆ ದುಡ್ಡು ಕೊಡುತ್ತಾರೆ, ಬೀಳದಂತೆ ತಡೆಯುವ ಮಾತ್ರೆಗೆ ಕೊಡುವುದಿಲ್ಲ! ಇದನ್ನು ಯೋಚಿಸಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನಿರಾಮಯ ವಿಮೆ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಒಂದು ಲಕ್ಷದವರೆಗಿನ ಒಳ್ಳೆಯ ಯೋಜನೆ ಅದು, ಹೊರರೋಗಿ ಖರ್ಚನ್ನೂ ಕೊಡುತ್ತೆ. ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರುವವರಿಗೆ ಮಾತ್ರ. ಖಾಸಗಿ ವಿಮೆ ಮಾಡಿಸುವುದಾದರೆ ಕಾಯಿಲೆ ಮುಚ್ಚಿಡಬೇಡಿ. ಮೊದಲೇ ಇದ್ದ ಕಾಯಿಲೆಗೆ ದುಡ್ಡು ಕೊಡದೆ ಕಾಯಿಸುವ ಅವಧಿ 2024ರಿಂದ ಹೆಚ್ಚೆಂದರೆ 3 ವರ್ಷ, ಮೊದಲು 4 ಇತ್ತು.

ಇನ್ನು, ಶೇಕಡಾವಾರು ಕಡಿಮೆ ಬರೆದಿದ್ದಾರೆ ಅನಿಸಿದರೆ 90 ದಿನದೊಳಗೆ ಮೇಲ್ಮನವಿ ಹಾಕಲು ಅವಕಾಶ ಇದೆ. ಕಾಯಿಲೆ ಏರುಪೇರಾಗುವಂಥದ್ದು ಅಂತ ತಂಗಿಗೆ ಕೊಟ್ಟಿರುವುದು ತಾತ್ಕಾಲಿಕ ಪ್ರಮಾಣಪತ್ರ, ಅವಧಿ ಮುಗಿದ ಮೇಲೆ ಮತ್ತೆ ತಪಾಸಣೆ. ನಿಮ್ಮದೂ ಹಾಗಿದ್ದರೆ ಕೊನೇ ದಿನದವರೆಗೆ ಕಾಯಬೇಡಿ. 2024ರಲ್ಲಿ ಅಂಗವಿಕಲರ ಕಾಯ್ದೆಯ ನಿಯಮಗಳಿಗೆ ತಂದ ತಿದ್ದುಪಡಿಯಲ್ಲಿ ಪ್ರಮಾಣಪತ್ರ ಕೊಡುವ ಗಡುವನ್ನು 1 ತಿಂಗಳಿಂದ 3 ತಿಂಗಳಿಗೆ ಏರಿಸಿದ್ದಾರೆ. ಅಷ್ಟು ಮುಂಚೆಯೇ ಅರ್ಜಿ ಹಾಕಿ.