ನಾಲ್ಕು ಭಾನುವಾರ ಮರ್ದುಕ್: ಒಂದು ತರಗತಿಯ ವಿಮರ್ಶೆ

ಮೈಸೂರಿನ ಸರಸ್ವತಿಪುರಂನ ಮನೆಯೊಂದರ ಮಹಡಿಯಲ್ಲಿ ನಾಲ್ಕು ಭಾನುವಾರ ಬೆಳಿಗ್ಗೆ ನಡೆದ, ಇಂದಿನ ಇರಾಕಿನಲ್ಲಿದ್ದ ಪ್ರಾಚೀನ ಬ್ಯಾಬಿಲೋನ್ ನಗರದ ಧರ್ಮವನ್ನು ಕುರಿತ ತರಗತಿಗೆ 800 ರೂಪಾಯಿ ಶುಲ್ಕ ಕೊಟ್ಟು ಸೇರಿದ್ದೆ. ಮುಂದಿನ ತಂಡಕ್ಕೆ ಸೇರಬೇಕೆಂದಿರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನ ನಿರಾಶೆಯೇ ಆಯಿತು. ಬ್ಯಾಬಿಲೋನಿನ ದೇವರಾದ ಮರ್ದುಕನು ಆದಿಯಿಂದಲೂ ಇಡೀ ಮೆಸೊಪೊಟೇಮಿಯದ (ಟೈಗ್ರಿಸ್–ಯೂಫ್ರಟಿಸ್ ನದಿಗಳ ನಾಡಿನ) ಪರಮ ದೇವರೆಂದು ಕೈಗೆ ಕೊಟ್ಟ ಟಿಪ್ಪಣಿ ಹೇಳುತ್ತದೆ, ಇದು ಸರಿಯಲ್ಲ. ಆ ಸ್ಥಾನ ಮೊದಲು ನಿಪ್ಪುರ್ ಎಂಬ ಊರಿನ ದೇವರಾದ ಎನ್ಲಿಲನದು. ದೊರೆ ಹಮ್ಮುರಾಬಿಯ ಕಾಲದಲ್ಲಿ (ಕ್ರಿ.ಪೂ. 1792–1750) ಬ್ಯಾಬಿಲೋನ್ ದೊಡ್ಡ ರಾಜಧಾನಿಯಾಗಿ ಬೆಳೆದಂತೆ ಅದರ ಊರದೇವರೂ ಮೇಲೇರಿದನು, ಆಕಾಶದೇವನಾದ ಅನು ಮತ್ತು ಎನ್ಲಿಲರೇ ಮರ್ದುಕನಿಗೆ ಜನರ ಮೇಲಿನ ಒಡೆತನವನ್ನು ಒಪ್ಪಿಸಿದರೆಂದು ಆ ದೊರೆಯ ಕಾನೂನು ಶಾಸನದ ಪೀಠಿಕೆಯೇ ಹೇಳುತ್ತದೆ. ಹಮ್ಮುರಾಬಿಗೂ ಬ್ಯಾಬಿಲೋನಿನ ಮತ್ತೊಬ್ಬ ದೊರೆ ಎರಡನೆಯ ನೆಬುಕಡ್ನೆಜರನಿಗೂ ಸಾವಿರ ವರ್ಷಕ್ಕೂ ಮೀರಿದ ಅಂತರವಿದ್ದರೂ ಟಿಪ್ಪಣಿಯಲ್ಲಿ ಇಬ್ಬರೂ ಅಣ್ಣತಮ್ಮಂದಿರಂತೆ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಜೆರಾಕ್ಸ್ ನಕ್ಷೆಯಂತೂ ಕಾಡಿಗೆ ಬಳಿದಂತಿತ್ತು.

ಎರಡನೆಯ ದಿನ ‘ಎನೂಮ ಎಲಿಶ್’ ಎಂಬ ಸೃಷ್ಟಿಕಾವ್ಯ. ಏಳು ಜೇಡಿಮಣ್ಣಿನ ಫಲಕಗಳ ಈ ಕಥೆಯನ್ನು ಉಪನ್ಯಾಸಕರು ಒಳ್ಳೆಯ ಕನ್ನಡದಲ್ಲಿ, ಅವಸರವಿಲ್ಲದೆ ಹೇಳಿದರು. ಸಿಹಿನೀರಾದ ಅಪ್ಸು ಮತ್ತು ಉಪ್ಪುನೀರಾದ ತಿಯಾಮತ್ ಬೆರೆತು ದೇವತೆಗಳು ಹುಟ್ಟುತ್ತಾರೆ. ಮುಂದೆ ತಿಯಾಮತ್ ಅವರ ಮೇಲೆಯೇ ಯುದ್ಧಕ್ಕೆ ನಿಂತಾಗ ಎದುರಿಸುವ ಧೈರ್ಯ ಉಳಿದ ಯಾರಿಗೂ ಬರುವುದಿಲ್ಲ. ಇಯಾ ದೇವನ ಮಗ ಮರ್ದುಕ್ ಒಪ್ಪುತ್ತಾನೆ, ಆದರೆ ತನ್ನನ್ನು ಎಲ್ಲರಿಗೂ ಒಡೆಯನನ್ನಾಗಿ ಮಾಡಬೇಕೆಂಬ ಷರತ್ತನ್ನು ಮೊದಲೇ ಹಾಕುತ್ತಾನೆ. ಕೆಲಸಕ್ಕೆ ಮುಂಚೆಯೇ ಕೂಲಿ ಮಾತಾಡಿಕೊಂಡ ದೇವರು! ಗೆದ್ದ ಮೇಲೆ ತಿಯಾಮತಳ ದೇಹವನ್ನು ಒಣಮೀನಿನಂತೆ ಸೀಳಿ, ಒಂದು ಹೋಳನ್ನು ಆಕಾಶವಾಗಿ ಹೊದಿಸುತ್ತಾನೆ. ದೇವತೆಗಳ ದುಡಿಮೆಯನ್ನು ಹೊರಲೆಂದು ತಿಯಾಮತಳ ಸೇನಾಪತಿ ಕಿಂಗುವಿನ ರಕ್ತದಿಂದ ಮನುಷ್ಯನನ್ನು ಮಾಡಿಸುತ್ತಾನೆ. ಇಷ್ಟು ರಸವತ್ತಾದ ಕಡೆಯಲ್ಲೆಲ್ಲ ಉಪನ್ಯಾಸಕರು ‘ನಮ್ಮ ಇಂದ್ರ–ವೃತ್ರರ ಹಾಗೆಯೇ’ ಎಂದು ಮುಂದಕ್ಕೆ ಹೋಗಿಬಿಟ್ಟದ್ದು ನನಗೆ ಹಿಡಿಸಲಿಲ್ಲ. ಹೋಲಿಕೆ ಹೇಳಿದ ಕೂಡಲೇ ಪ್ರಶ್ನೆ ಕೇಳುವುದು ನಿಂತುಹೋಗುತ್ತದೆ.

ಕೊಟ್ಟ ಹಣ ಸಾರ್ಥಕವಾದದ್ದು ಮೂರನೆಯ ದಿನ. ವಸಂತದ ನಿಸಾನ್ನು ಮಾಸದಲ್ಲಿ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ, ಬ್ಯಾಬಿಲೋನಿನಲ್ಲಿ ‘ಅಕೀತು’ ಎಂಬ ಹೊಸವರ್ಷದ ಉತ್ಸವ ನಡೆಯುತ್ತಿತ್ತು. ಅದರ ಐದನೆಯ ದಿನ ಮರ್ದುಕನ ಎಸಗಿಲ ದೇವಾಲಯದೊಳಗೆ ಪ್ರಧಾನ ಅರ್ಚಕನು ರಾಜನ ಕಿರೀಟವನ್ನೂ ರಾಜದಂಡವನ್ನೂ ತೆಗೆದಿಟ್ಟು, ಅವನ ಕೆನ್ನೆಗೆ ಹೊಡೆದು, ಕಿವಿ ಹಿಡಿದೆಳೆದು ದೇವರೆದುರು ಬಾಗಿಸುತ್ತಿದ್ದನು. ಬ್ಯಾಬಿಲೋನನ್ನು ತಾನು ಕಡೆಗಣಿಸಿಲ್ಲವೆಂದು ರಾಜನು ಅರಿಕೆ ಮಾಡಿಕೊಳ್ಳಬೇಕಿತ್ತು. ಕೊನೆಗೆ ಮತ್ತೊಂದು ಏಟು ಬಿದ್ದು ಕಣ್ಣೀರು ಬಂದರೆ ದೇವರು ಪ್ರಸನ್ನನಾದಂತೆ, ಬಾರದಿದ್ದರೆ ಕೇಡು. ‘ಕಪಾಳಕ್ಕೇ ಹೊಡೀತಿದ್ರಾ ಸಾರ್?’ ಎಂದು ನನ್ನ ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರು ಎರಡು ಸಲ ಕೇಳಿದರು. ಅನಂತರ ಮರ್ದುಕನ ಮೂರ್ತಿ ಕೋಟೆಯ ಹೊರಗಿನ ಅಕೀತು ಮಂದಿರಕ್ಕೆ ಮೆರವಣಿಗೆಯಲ್ಲಿ ಹೊರಡುತ್ತಿತ್ತು. ವಿಜಯದಶಮಿಯಂದು ಚಾಮುಂಡೇಶ್ವರಿಯ ಅಂಬಾರಿ ಬನ್ನಿಮಂಟಪಕ್ಕೆ ಹೋಗುವುದನ್ನು ಕಂಡ ನಮಗೆ ಇದನ್ನು ಊಹಿಸಿಕೊಳ್ಳಲು ಕಷ್ಟವಾಗಲಿಲ್ಲ. ಹೋಲಿಕೆ ಕೆಲಸಕ್ಕೆ ಬಂದದ್ದು ಇಲ್ಲೊಂದೇ ಕಡೆ.

ಅದೇ ದಿನ ಒಬ್ಬೊಬ್ಬರಿಗೂ ಹಿಡಿಯಷ್ಟು ಜೇಡಿಮಣ್ಣು ಕೊಟ್ಟು, ಜೊಂಡಿನ ಲೇಖನಿಯ ಬದಲು ಐಸ್‌ಕ್ರೀಂ ಕಡ್ಡಿಯಿಂದ ಬೆಣೆಲಿಪಿ (ಬೆಣೆಯಾಕಾರದ ಗುರುತುಗಳ, ಬ್ಯಾಬಿಲೋನಿನವರ ಬರಹ) ಬರೆಯಿಸಿದರು. ಕಡ್ಡಿಯನ್ನು ಗೀಚಬಾರದು, ಅದರ ಮೂಲೆಯನ್ನು ಒತ್ತಿ ಎತ್ತಬೇಕು. ಆಗ ಬೆಣೆಯ ತಲೆ ಅಗಲವಾಗಿ, ಬಾಲ ಚೂಪಾಗಿ ಮೂಡುತ್ತದೆ. ದೇವರ ಹೆಸರಿನ ಮುಂದೆ, ನಕ್ಷತ್ರದ ಚಿತ್ರದಿಂದ ಬಂದ ಒಂದು ಚಿಹ್ನೆ. ಅದನ್ನು ಬರೆಯುತ್ತಾರೆ, ಓದುವುದಿಲ್ಲ. ಮರ್ದುಕನ ಹೆಸರನ್ನು ‘ಸೂರ್ಯನ ಕರು’ ಎಂಬರ್ಥದ ಆ ನಾಡಿನ ಹಳೆಯ ಭಾಷೆಯಾದ ಸುಮೇರಿಯನ್ನಿನ ಚಿಹ್ನೆಗಳಲ್ಲಿ ಬರೆಯುತ್ತಿದ್ದರೆಂದು ತಿಳಿದದ್ದೂ ಆಗಲೇ.

ನಾಲ್ಕನೆಯ ದಿನ ಅವಸರದಲ್ಲಿ ಮುಗಿಯಿತು. ಕುರಿಯ ಯಕೃತ್ತನ್ನು ನೋಡಿ ಶಕುನ ಹೇಳುವ ವಿದ್ಯೆ, ಗುರುಗ್ರಹವನ್ನು ಮರ್ದುಕನದೆಂದು ನಂಬಿದ್ದು, ಧೂಳನ್ನೂ ಮಣ್ಣನ್ನೂ ತಿಂದು ಕತ್ತಲಲ್ಲಿರಬೇಕಾದ ಪ್ರೇತಲೋಕ, ಸತ್ತ ಹಿರಿಯರಿಗೆ ಅನ್ನನೀರು ಕೊಡುವ ‘ಕಿಸ್ಪು’ ಎಲ್ಲವೂ ಒಂದೇ ಗಂಟೆಯಲ್ಲಿ ಬಂದುಹೋದವು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಊರಿನಲ್ಲಿ ಕಿಸ್ಪುವಿಗೆ ಒಂದು ಇಡೀ ಭಾನುವಾರವನ್ನು ಕೊಡಬಹುದಿತ್ತು.

ಟಿಪ್ಪಣಿಯನ್ನು ತಿದ್ದಿ ಅಚ್ಚುಹಾಕಿಸುವುದಾಗಿ ಉಪನ್ಯಾಸಕರು ಹೇಳಿದ್ದಾರೆ. ಹಾಗಾದರೆ ಇನ್ನೂರು ರೂಪಾಯಿ ಹೆಚ್ಚಾದರೂ ಕೊಡಬಹುದು. ಮೂರನೆಯ ಭಾನುವಾರ ಮಾತ್ರ ಉಗುರು ಕತ್ತರಿಸಿಕೊಂಡು ಹೋಗಿ. ನನ್ನ ಉಗುರಿನ ಸಂದಿಯ ಜೇಡಿ ಬಿಡಲು ಎರಡು ದಿನ ಹಿಡಿಯಿತು.