ಮೌನ್‌ಗಾ, ಕಸಾನೆಗಾ? ನಾಟಾದಲ್ಲಿ ನಾವು ಹಿಡಿಯುವ ದಾರಿ

ಬೋಟ್ಸ್‌ವಾನಾದ ರಾಜಧಾನಿ ಗ್ಯಾಬರೋನ್‌ನಿಂದ ಉತ್ತರಕ್ಕೆ ಹೊರಟು ಫ್ರಾನ್ಸಿಸ್‌ಟೌನ್ ದಾಟಿದರೆ ನಾಟಾ ಅನ್ನೋ ಪುಟ್ಟ ಊರು ಸಿಗುತ್ತದೆ. ಅಲ್ಲಿ ರಸ್ತೆ ಎರಡಾಗುತ್ತದೆ. ಪಶ್ಚಿಮಕ್ಕೆ ಹೋದರೆ ಮೌನ್, ಒಕವಾಂಗೊ ನದಿ ಕವಲೊಡೆದು ಹರಡುವ ಡೆಲ್ಟಾಗೆ ಹೋಗುವವರು ಇಳಿಯುವ ಊರು. ಉತ್ತರಕ್ಕೆ ಹೋದರೆ ಕಸಾನೆ, ಚೋಬೆ ನದಿಯ ದಡದ ಊರು. ಎರಡಕ್ಕೂ ಅಲ್ಲಿಂದ ಸುಮಾರು 300 ಕಿಲೋಮೀಟರ್. ಬೋಟ್ಸ್‌ವಾನಾಗೆ ನಮ್ಮ ಮನೆಗೆ ಬರುವ ನೆಂಟರೆಲ್ಲ ಕೇಳುವುದು ಒಂದೇ ಪ್ರಶ್ನೆ: ಒಂದೇ ಕಡೆ ಹೋಗುವಷ್ಟು ರಜೆ ಇದೆ, ಎಲ್ಲಿಗೆ ಹೋಗೋಣ? ಕಸಾನೆಗೆ ಹೋಗಿ ಅಂತ ನಾನು ಯೋಚನೆ ಮಾಡದೆ ಹೇಳುತ್ತೇನೆ. ಮೌನ್‌ಗೆ ಎರಡು ಸಲ, ಕಸಾನೆಗೆ ಒಂದು ಸಲ ಹೋಗಿ ಬಂದ ಮೇಲೆ ಹೇಳುತ್ತಿರುವ ಮಾತಿದು.

ಮೊದಲ ಸಲ ನಾವು ಆರಿಸಿಕೊಂಡಿದ್ದು ಮೌನ್. ಮಕ್ಕಳಿಗೆ ಡಿಸೆಂಬರ್ ರಜೆ. ಇಲ್ಲಿ ಮಳೆಗಾಲ ಶುರುವಾಗುವುದು ನವೆಂಬರ್ ಹೊತ್ತಿಗೆ. ಮೈಸೂರು ಕಡೆಯವರ ತಲೆಯಲ್ಲಿ ಲೆಕ್ಕ ಸರಳ ಅಲ್ವಾ? ಮಳೆ ಬಂದರೆ ಹೊಳೆ ತುಂಬುತ್ತದೆ, ಜೂನ್ ಜುಲೈನಲ್ಲಿ ಕಬಿನಿ ತುಂಬಿದ ಹಾಗೆ. ಡಿಸೆಂಬರ್‌ನಲ್ಲಿ ಒಕವಾಂಗೊ ತುಂಬಿ ಹರಿಯುತ್ತಿರುತ್ತದೆ, ಮೊಕೊರೊದಲ್ಲಿ ತೇಲಬಹುದು ಅಂದುಕೊಂಡೆವು. ಮೊಕೊರೊ ಅಂದರೆ ಮರದ ಕಾಂಡ ಕೊರೆದು ಮಾಡುವ ಉದ್ದನೆಯ ತೆಳು ದೋಣಿ. ಈಗ ಹೆಚ್ಚಿನವು ಫೈಬರ್‌ನವು. ಹಿಂದೆ ಒಬ್ಬರು ನಿಂತು ಉದ್ದ ಗಳು ಊರಿ ತಳ್ಳುತ್ತಾರೆ.

ಮೌನ್ ಊರೊಳಗೆ ಥಮಲಕಾನೆ ನದಿಯ ಸೇತುವೆ ದಾಟುವಾಗಲೇ ನನಗೆ ಎದೆ ಧಸಕ್ಕೆಂದಿತು. ಕೆಳಗೆ ಹಸು, ಕತ್ತೆ ಮೇಯುತ್ತಿದ್ದವು. ನಡುವೆ ಅಲ್ಲಲ್ಲಿ ಹಸಿರುಗಟ್ಟಿದ ಗುಂಡಿ ನೀರು. ಮರುದಿನ ತೆರೆದ ಜೀಪಿನಲ್ಲಿ ಮರಳು ದಾರಿಯಲ್ಲಿ ಎರಡು ಗಂಟೆಗೂ ಹೆಚ್ಚು ಕುಲುಕಿಸಿಕೊಂಡು ಹೋದೆವು. ದೋಣಿ ಹತ್ತಿದ ಸ್ವಲ್ಪ ಹೊತ್ತಿಗೇ ತಳ ಮರಳಿಗೆ ಉಜ್ಜುವ ಸದ್ದು. ಮೂರು ಕಡೆ ಇಳಿದು, ಪ್ಯಾಂಟು ಮಡಚಿ, ದೋಣಿ ಎಳೆದುಕೊಂಡು ನಡೆದೆವು. ಮೇಲೆ ಸುಡು ಬಿಸಿಲು. ಚಿಕ್ಕ ಮಗಳು ಅಳು ನಿಲ್ಲಿಸಲಿಲ್ಲ. ಅರ್ಧ ದಿನಕ್ಕೇ ವಾಪಸ್ ಬಂದೆವು. ಮುಂಗಡ ಕೊಟ್ಟಿದ್ದ ದುಡ್ಡು ಹೋಯಿತು. ಬುಕ್ ಮಾಡಿಕೊಟ್ಟವರು ಈ ತಿಂಗಳು ನೀರು ಕಡಿಮೆ ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಆ ಬೇಸರ ನನಗೆ ಇನ್ನೂ ಹೋಗಿಲ್ಲ.

ಕಾರಣ ವಿವರಿಸಿದ್ದು ದೋಣಿ ತಳ್ಳುತ್ತಿದ್ದ ಅಣ್ಣ. ಒಕವಾಂಗೊಗೆ ಹೆಚ್ಚಿನ ನೀರು ಕೊಡುವುದು ಇಲ್ಲಿನ ಮಳೆಯಲ್ಲ, ಅಂಗೋಲಾದ ಎತ್ತರದ ನಾಡಿನ ಮಳೆ. ಅಲ್ಲಿ ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ ಬಿದ್ದ ನೀರು ನಮೀಬಿಯಾದ ಕಿರಿದಾದ ಪಟ್ಟಿ ದಾಟಿ ಬೋಟ್ಸ್‌ವಾನಾಗೆ ಇಳಿಯುತ್ತದೆ. ಡೆಲ್ಟಾದ ನೆಲ ಎಷ್ಟು ಸಮತಟ್ಟು ಎಂದರೆ ನೀರಿಗೆ ಓಡಲು ಇಳಿಜಾರೇ ಸಾಲದು. ಜೊತೆಗೆ ದಟ್ಟವಾದ ಪಪೈರಸ್ ಜೊಂಡು. ಅದರೊಳಗೆ ನುಸುಳಿ, ಹರಡಿ, ನಿಧಾನಕ್ಕೆ ಮೌನ್ ಹತ್ತಿರ ಬರುವ ಹೊತ್ತಿಗೆ ಜೂನ್, ಜುಲೈ ಆಗಿರುತ್ತದೆ. ಅಂದರೆ ಇಲ್ಲಿ ಒಂದು ಹನಿ ಮಳೆ ಇಲ್ಲದ ಚಳಿಗಾಲದಲ್ಲಿ ಹೊಳೆ ತುಂಬುತ್ತದೆ. ಸಮುದ್ರ ಸೇರದೆ ಕಲಹರಿ ಮರುಭೂಮಿಯ ಮರಳಲ್ಲೇ ಇಂಗಿ, ಆವಿಯಾಗಿ ಮುಗಿಯುವ ನದಿ ಇದು. ಈ ದೇಶದ ದುಡ್ಡಿನ ಹೆಸರು ಪುಲ. ಪುಲ ಅಂದರೆ ಇಲ್ಲಿನ ಭಾಷೆ ಸೆಟ್ಸ್‌ವಾನಾದಲ್ಲಿ ಮಳೆ. ಆ ದಿನದಿಂದ ನೋಟು ಕೈಗೆ ಬಂದಾಗೆಲ್ಲ ನನಗೆ ಆ ಒಣ ಸೇತುವೆ ನೆನಪಾಗುತ್ತದೆ.

ಮುಂದಿನ ವರ್ಷ ಆಗಸ್ಟ್‌ನಲ್ಲಿ ಮೈಸೂರಿಂದ ಅತ್ತೆ ಬಂದಿದ್ದರು. ಅವರಿಗೆ ಮಂಡಿ ನೋವು. ಹಾಗಾಗಿ ಕಸಾನೆ. ಅಲ್ಲಿ ಚಪ್ಪಟೆ ತಳದ ದೊಡ್ಡ ದೋಣಿ, ಮೇಲೆ ನೆರಳು, ಕೂರಲು ಕುರ್ಚಿ. ಮಧ್ಯಾಹ್ನ ಮೂರಕ್ಕೆ ಹೊರಟರೆ ಸೂರ್ಯ ಮುಳುಗುವವರೆಗೆ ನದಿಯ ಮೇಲೆ. ನಡುವಿನ ಸೆಡುಡು ದ್ವೀಪ ಯಾರದ್ದು ಅಂತ ಬೋಟ್ಸ್‌ವಾನಾಗೂ ನಮೀಬಿಯಾಗೂ ವ್ಯಾಜ್ಯ ಇತ್ತು. 1999ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಬೋಟ್ಸ್‌ವಾನಾದ್ದು ಅಂತ ತೀರ್ಪು ಕೊಟ್ಟಿತು. ಆನೆಗಳಿಗೆ ಅದು ಹುಲ್ಲುಗಾವಲು ಅಷ್ಟೇ.

ನಾವು ನೋಡುತ್ತಿದ್ದಂತೆ ಹದಿನಾರು ಆನೆಗಳ ಹಿಂಡು ದಡದಿಂದ ನೀರಿಗಿಳಿಯಿತು. ನಡುನೀರಿಗೆ ಬಂದಾಗ ಕಾಣುತ್ತಿದ್ದುದು ಸೊಂಡಿಲಿನ ತುದಿ ಮತ್ತು ನೆತ್ತಿ ಮಾತ್ರ. ಮರಿಯನ್ನು ಎರಡು ದೊಡ್ಡ ಆನೆಗಳು ನಡುವೆ ಹಾಕಿಕೊಂಡಿದ್ದವು. ಮರಿಯ ಸೊಂಡಿಲು ಮುಳುಗಿದಾಗ ದೋಣಿಯಲ್ಲಿ ಯಾರೂ ಉಸಿರಾಡಲಿಲ್ಲ. ಆಮೇಲೆ ಆಚೆ ದಡ ಹತ್ತಿದವು. ಒದ್ದೆಯಾದ ಮೈ ಕಪ್ಪು, ನೆನೆಯದ ನೆತ್ತಿ ಮಾತ್ರ ಬೂದಿ ಬಣ್ಣ. ಒಂದು ಆನೆ ನೀರಂಚಿನ ಹುಲ್ಲನ್ನು ಬೇರು ಸಮೇತ ಕಿತ್ತು, ನೀರಿಗೆ ಪಟಪಟ ಬಡಿದು, ಮಣ್ಣು ಹೋದ ಮೇಲೆ ಬಾಯಿಗಿಟ್ಟಿತು. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, "ನೋಡಮ್ಮ, ಕೊತ್ತಂಬರಿ ಸೊಪ್ಪು ತೊಳೆಯೋ ಹಾಗೆ ತೊಳ್ಕೊಂಡು ತಿಂತಿದೆ!" ಅಂದರು. ಕಬಿನಿ ಹಿನ್ನೀರಿನಲ್ಲಿ ಬೇಸಿಗೆಗೆ ಸೇರುವ ಆನೆಗಳನ್ನು ಎಷ್ಟೋ ಸಲ ನೋಡಿದವರು ಅವರು. ಆದರೂ ಹುಲ್ಲು ತೊಳೆಯುವಷ್ಟು ಹತ್ತಿರದಿಂದ ನೋಡಿರಲಿಲ್ಲ.

ಕಸಾನೆಯಲ್ಲಿ ತೊಂದರೆಯೇ ಇಲ್ಲ ಅಂತಲ್ಲ. ಒಳ್ಳೆಯ ಜಾಗದಲ್ಲಿ ಒಮ್ಮೊಮ್ಮೆ ಹತ್ತು ದೋಣಿ ಸೇರಿಬಿಡುತ್ತವೆ. ಮಳೆ ಶುರುವಾದರೆ ಆನೆಗಳಿಗೆ ಕಾಡಿನೊಳಗೇ ನೀರು ಸಿಗುತ್ತದೆ, ನದಿಗೆ ಬರುವುದು ಕಡಿಮೆ. ಇದಕ್ಕೂ ಆಗಸ್ಟ್‌ನಿಂದ ಅಕ್ಟೋಬರ್ ಒಳ್ಳೆಯದು.

ನೀರಿಲ್ಲದ ತಿಂಗಳ ಮೌನ್ ನೋಡಿ ತೀರ್ಪು ಕೊಡುವುದು ನ್ಯಾಯ ಅಲ್ಲ ಅನಿಸಿತು. ಹಾಗಾಗಿ ಅದರ ಮುಂದಿನ ಆಗಸ್ಟ್‌ನಲ್ಲಿ ಮತ್ತೆ ಹೋದೆವು. ಈ ಸಲ ಸೇತುವೆ ಕೆಳಗೆ ನೀರಿತ್ತು. ಮೊಕೊರೊದಲ್ಲಿ ಕೂತರೆ ನೀರು ಕೈಗೆಟಕುವಷ್ಟು ಕೆಳಗೆ, ತಳ ಕಾಣುವಷ್ಟು ತಿಳಿ. ದೋಣಿ ಜೊಂಡು ಸವರಿಕೊಂಡು ಹೋಗುವ ಸದ್ದು ಬಿಟ್ಟರೆ ಏನೂ ಇಲ್ಲ. ಜೊಂಡಿನ ಕಡ್ಡಿಗೆ ಉಗುರಿನಷ್ಟು ದೊಡ್ಡ ಕಪ್ಪೆ ಅಂಟಿಕೊಂಡಿತ್ತು, ಮೈಮೇಲೆ ಬಣ್ಣದ ಪಟ್ಟೆ. ದೋಣಿಯ ಅಕ್ಕ ನೈದಿಲೆಯ ದಂಟನ್ನು ಸಣ್ಣ ಸಣ್ಣಗೆ ಮುರಿದು, ನಾರು ಹರಿಯದ ಹಾಗೆ ಬಿಡಿಸಿ, ಹೂವೇ ಪದಕವಾದ ಸರ ಮಾಡಿ ಮಗಳ ಕೊರಳಿಗೆ ಹಾಕಿದರು. ಆ ನಿಶ್ಶಬ್ದ ಕಸಾನೆಯಲ್ಲಿ ಸಿಗುವುದಿಲ್ಲ, ಖಂಡಿತ. ಆದರೆ ಆ ದಿನ ನಮಗೆ ಕಂಡ ಆನೆ ಎರಡು. ಅತ್ತೆಯಂಥವರು ಅಷ್ಟು ಕೆಳಗೆ ಕಾಲು ಚಾಚಿ ಕೂತು ಏಳುವುದು ಆಗದ ಮಾತು.

ಡೆಲ್ಟಾದ ನಡುವಿನ ಕ್ಯಾಂಪ್‌ಗಳಿಗೆ ಪುಟ್ಟ ವಿಮಾನದಲ್ಲಿ ಹಾರಿ ಹೋದರೆ ಕಥೆಯೇ ಬೇರೆ. ಆದರೆ ಅಲ್ಲಿ ಒಬ್ಬರ ಒಂದು ರಾತ್ರಿಯ ದರದಲ್ಲಿ ನಮ್ಮ ಇಡೀ ಮನೆ ಕಸಾನೆಯಲ್ಲಿ ಮೂರು ದಿನ ಇರಬಹುದು.

ಊಟ ಎರಡೂ ಕಡೆ ಒಂದೇ. ಬೊಗೊಬೆ ಕೇಳಿ, ಜೋಳದ ಹಿಟ್ಟಿನ ಮುದ್ದೆ ಅದು. ಜೊತೆಗೆ ಮೊರೊಗೊ, ಅಲಸಂದೆ ಸೊಪ್ಪಿನ ಪಲ್ಯ. ಕಸಾನೆ ದಾರಿಯಲ್ಲಿ ಪಂಡಮಟೆಂಗಾ ಹತ್ತಿರ ಜೋಳದ ಹೊಲಗಳೂ ಕಾಣುತ್ತವೆ. ದಾರಿಯಲ್ಲಿ ದನಗಳ ಕಾಲುಬಾಯಿ ಜ್ವರದ ತಪಾಸಣೆಯಲ್ಲಿ ಕಾರಿಂದ ಇಳಿದು, ಔಷಧಿ ನೀರಿನ ಚಾಪೆ ತುಳಿಯಬೇಕು. ರಾತ್ರಿ ಕಾರು ಓಡಿಸಬೇಡಿ, ರಸ್ತೆಯಲ್ಲಿ ಆನೆ ಇರುತ್ತವೆ. ಮಲೇರಿಯಾ ಮಾತ್ರೆ ಬಗ್ಗೆ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಕೇಳಿ.

ನಿಮಗೆ ಗುಂಪು ಆಗುವುದಿಲ್ಲ, ಮಂಡಿ ಗಟ್ಟಿ ಇದೆ, ಜೂನ್‌ನಿಂದ ಆಗಸ್ಟ್ ಒಳಗೆ ರಜೆ ಸಿಗುತ್ತದೆ ಅಂದರೆ ಮೌನ್‌ಗೆ ಹೋಗಿ. ನಮ್ಮದು ಸಾಮಾನ್ಯ ಕಾರು, ಮಕ್ಕಳು, ಹಿರಿಯರು, ಎಣಿಸಿ ಖರ್ಚು ಮಾಡುವ ದುಡ್ಡು. ಈ ಆಗಸ್ಟ್‌ಗೆ ಅತ್ತೆ ಮತ್ತೆ ಬರುತ್ತಿದ್ದಾರೆ. ಕಸಾನೆಯಲ್ಲಿ ಮೂರು ರಾತ್ರಿ ಹೇಳಿಟ್ಟಿದ್ದೇವೆ, ಮೂರೂ ದಿನ ಮಧ್ಯಾಹ್ನದ ದೋಣಿ. ಆ ಮರಿ ಈಗ ಎಷ್ಟು ದೊಡ್ಡದಾಗಿರಬಹುದು ಅಂತ ಅತ್ತೆ ಪ್ರತಿ ಫೋನಿನಲ್ಲೂ ಕೇಳುತ್ತಾರೆ.